ಮೇಲಿನ ಮನೆ, ಕೆಳಗಿನ ಮನೆ, ನಡುವೆ ಒಂದು ಕನ್ನಡದ ಸೀಟು

ಮನುಷ್ಯನಿಗೆ ಹೊಟ್ಟೆಕಿಚ್ಚು ಕೊಟ್ಟ ದೇವರೇ, ಅದನ್ನು ನೋಡಿ ತಾನು ನಗಲಿಕ್ಕೆಂದು ಆಗಾಗ ಒಂದೊಂದು ಪ್ರಸಂಗವನ್ನೂ ಏರ್ಪಡಿಸುತ್ತಾನೆ. ನನ್ನ ಬಾಳಿನಲ್ಲಂತೂ ಅವನು ಒಂದು ಜೂನ್ ತಿಂಗಳನ್ನೂ ತಪ್ಪಿಸಿದ್ದಿಲ್ಲ.

ಜೂನ್ ಎಂದರೆ ಕಾಲೇಜಿನ ಪ್ರವೇಶದ ತಿಂಗಳು. ಪುಣೆಯಲ್ಲಿ ನಮ್ಮ ಕನ್ನಡದ ಜನ ಕೂಡಿ ನಡೆಸುತ್ತಿದ್ದ ಒಂದು ಸಣ್ಣ ಕಾಲೇಜಿನಲ್ಲಿ ನಾನು ಗುಮಾಸ್ತನಾಗಿದ್ದೆ. ಎಪ್ಪತ್ತರ ದಶಕ ಮುಗಿದು ಎಂಬತ್ತರದು ಶುರುವಾಗುತ್ತಿದ್ದ ಕಾಲ. ಹತ್ತನೇ ಇಯತ್ತೆ ಮುಗಿಸಿದ ಹುಡುಗರೆಲ್ಲ ಹನ್ನೊಂದನೆಯ ಸೈನ್ಸಿಗೆ ಮುಗಿಬೀಳುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಕೆಲವು ಸೀಟುಗಳನ್ನು ಮನೆಮಾತು ಕನ್ನಡವಾದ ಮಕ್ಕಳಿಗೆಂದು ತೆಗೆದಿಟ್ಟಿದ್ದರು. ಸರಕಾರದ ಭಾಷೆಯಲ್ಲಿ ನಾವು ಭಾಷಾ ಅಲ್ಪಸಂಖ್ಯಾತರು. ಊರಲ್ಲಿದ್ದಾಗ ನಾವು ಬರೀ ಜನವಾಗಿದ್ದೆವು. ಅಲ್ಪಸಂಖ್ಯಾತರು ಎಂದು ಗೊತ್ತಾದದ್ದು ಪುಣೆಯ ಸ್ಟೇಶನ್ನಿನಲ್ಲಿ ಇಳಿದ ಮೇಲೆ.

ಪಾಂಡುರಂಗ ನಮ್ಮ ಮನೆದೇವರು. ಅವನ ಒಂದು ಫೋಟೊ ಮನೆಯ ಗೂಡಿನಲ್ಲಿ, ಇನ್ನೊಂದು ಕಚೇರಿಯ ನನ್ನ ಟೇಬಲ್ಲಿನ ಗಾಜಿನ ಕೆಳಗೆ. ಮುಂದೆ ಹೇಳುವುದನ್ನೆಲ್ಲ ಅವನು ಎರಡೂ ಕಡೆಯಿಂದ ನೋಡಿದ್ದಾನೆ.

ನಿಂತೇ ಇರುವವನು

ಸದಾಶಿವ ಪೇಠೆಯ ಒಂದು ಹಳೆಯ ವಾಡೆಯಲ್ಲಿ ನಮ್ಮ ಬಿಡಾರ. ನಡುವೆ ಅಂಗಳ, ಅಂಗಳಕ್ಕೆಲ್ಲ ಒಂದೇ ನಳ, ಸುತ್ತಲೂ ಮನೆಗಳು. ಕೆಳಗಿನ ಎರಡು ಖೋಲಿ ನಮ್ಮವು. ನಮ್ಮ ತಲೆಯ ಮೇಲೆ ಕಾಕಾನ ಮನೆ. ಕಾಕಾ ಎಂದರೆ ನಮಗೆ ಸಂಬಂಧಿಕನಲ್ಲ. ಇಡೀ ವಾಡೆಗೆ ಕಾಕಾ. ಟಪಾಲು ಕಚೇರಿಯಲ್ಲಿ ನೌಕರಿ, ಪೇಠೆಯ ಹಳೇ ಮರಾಠಿ ಮನೆತನ, ಮೂಗಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಸಿಟ್ಟು. ಅವರ ಮಾತೆಲ್ಲ ಮರಾಠಿಯಲ್ಲಿ. ನಾನಿಲ್ಲಿ ಕನ್ನಡದಲ್ಲಿ ಹೇಳುವಾಗ ಅದರ ಖಾರ ಅರ್ಧ ಇಳಿದಿರುತ್ತದೆ ಎಂದು ತಿಳಿದುಕೊಳ್ಳಿ.

ನಮ್ಮ ಮಾಳಿಗೆಗೂ ಅವರ ನೆಲಕ್ಕೂ ಇದ್ದದ್ದು ಒಂದೇ ಮರದ ಹಲಗೆ. ಅವರು ಅಡಕಿ ಕತ್ತರಿಸಿದ್ದು ನಮಗೆ ಕೇಳುತ್ತಿತ್ತು. ನಾವು ಉಸಿರಾಡಿದ್ದು ಅವರಿಗೆ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಕನ್ನಡದ ದನಿ ಸ್ವಲ್ಪ ಏರಿದರೆ ಸಾಕು, ಕಾಕಾ ಕೈಗೋಲಿನಿಂದ ನೆಲಕ್ಕೆ ಟಕ್ ಟಕ್ ಎಂದು ಬಡಿದು, ಯಂಡುಗುಂಡು ಸಾಕು ಎನ್ನುತ್ತಿದ್ದರು. ಯಂಡುಗುಂಡು ಎಂದರೆ ನಮ್ಮ ಭಾಷೆ. ತಿಳಿಯದ್ದಕ್ಕೆಲ್ಲ ಪೇಠೆಯಲ್ಲಿ ಅದೇ ಹೆಸರು. ಇದಕ್ಕೇ ನನ್ನ ಹೆಂಡತಿ ಹೊರಗೆ ಕಾಲಿಟ್ಟರೆ ಕನ್ನಡದಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಳದ ಸರದಿಯಲ್ಲಿ ನಿಂತು ನಿಂತು ಮರಾಠಿ ಕಲಿತುಬಿಟ್ಟಿದ್ದಳು.

ಕಾಕಾನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಮ್ಮ ಮಗನ ವಾರಿಗೆಯವಳು. ಇಬ್ಬರೂ ಒಂದೇ ಇಯತ್ತೆ. ಅವಳು ವರ್ಗಕ್ಕೆ ಮೊದಲು. ನಮ್ಮವನು ವರ್ಗದಲ್ಲಿದ್ದಾನೆ ಎಂಬುದಷ್ಟೇ ಸಮಾಧಾನ. ಅವನಿಗೆ ಒಂದೇ ಹುಚ್ಚು, ಯಾರದಾದರೂ ಕೆಟ್ಟ ರೇಡಿಯೊ ತಂದು ಬಿಚ್ಚುವುದು, ಮತ್ತೆ ಜೋಡಿಸುವುದು. ಅದು ಹಾಡಿತೆಂದರೆ ಅವನ ಮುಖ ನೋಡಬೇಕು. ಸೈನ್ಸ್ ಸಿಕ್ಕರೆ ಮುಂದೆ ಅದೇ ದಾರಿ ಹಿಡಿದಾನು, ಸಿಗದಿದ್ದರೆ ಯಾವುದೋ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕು. ಅವನ ಮಾರ್ಕುಗಳಿಗೆ ಸೈನ್ಸಿನ ಬಾಗಿಲು ತೆರೆಯುವುದಿದ್ದರೆ ಅದು ನಮ್ಮ ಕಾಲೇಜಿನ ಕನ್ನಡದ ಸೀಟಿನಿಂದ ಮಾತ್ರ. ನಾನು ದಿನಾ ಪೂಜೆಯಲ್ಲಿ, ಪಾಂಡುರಂಗಾ, ಮೇಲಿನ ಮನೆಯ ಕೂಸಿಗೆ ಒಳ್ಳೆಯದು ಮಾಡಪ್ಪಾ ಎಂದು ತುಂಬು ಮನಸ್ಸಿನಿಂದ ಬೇಡುತ್ತಿದ್ದೆ. ಅದರ ಬೆನ್ನಿಗೇ, ಆದರೆ ಇಷ್ಟೊಂದು ಒಳ್ಳೆಯದು ಬೇಡ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತಿತ್ತು.

ನಮ್ಮ ಕಾಲೇಜಿನಲ್ಲಿ ಕನ್ನಡಿಗರಿಗೆ ಸೀಟು ಕಾದಿಟ್ಟಿದ್ದಾರೆ ಎಂಬ ಸುದ್ದಿ ವಾಡೆಗೆ ಮುಟ್ಟಿದ ದಿನ ಕಾಕಾ ಚಹಾದ ಬಶಿ ಹಿಡಿದುಕೊಂಡೇ ಕೆಳಗೆ ಬಂದರು. ತಮ್ಮ ಮುತ್ತಜ್ಜನ ಮುತ್ತಜ್ಜನೂ ಇದೇ ಪೇಠೆಯಲ್ಲಿ ಸತ್ತವನು, ತಮ್ಮ ಹುಡುಗಿಗೆ ಕಾದಿಟ್ಟದ್ದು ಏನೂ ಇಲ್ಲ, ನಿನ್ನೆ ಮೊನ್ನೆ ಮೀರಜದ ಗಾಡಿ ಇಳಿದವರಿಗೆ ಮಾತ್ರ ತಾಟು ಹಾಕಿ ಬಡಿಸಿಟ್ಟಿದ್ದಾರೆ ಎಂದು ಬಹಳ ಹೊತ್ತು ಹೇಳಿದರು.

ನಾನು ಮೆಲ್ಲಗೆ ಅಂದೆ, "ಕಾಕಾ, ಪಂಢರಪುರದ ಪಾಂಡುರಂಗನೂ ನಮ್ಮ ಕಡೆಯವನೇ ಅಂತಾರೆ. ನಮಗಿಂತ ಎಷ್ಟೋ ಮೊದಲು ಬಂದವನು. ಅವನಿಗಿನ್ನೂ ಯಾರೂ ಸೀಟು ಕೊಟ್ಟಿಲ್ಲ. ಪಾಪ, ಇಟ್ಟಿಗೆ ಮೇಲೆ ನಿಂತೇ ಇದ್ದಾನೆ."

ಕಾಕಾ ಬಶಿಯ ಚಹಾ ಸೊರ್ರೆಂದು ಕುಡಿದು ಮುಗಿಸಿ ಹೇಳಿದರು. "ನಿಲ್ಲದೆ ಏನು ಮಾಡುತ್ತಾನೆ? ಇದ್ದಬದ್ದ ಸೀಟೆಲ್ಲ ನೀವು ಹಿಡಿದು ಕೂತಿದ್ದೀರಿ."

ಧಾರವಾಡದ ಅಜ್ಜಿ

ಮನೆಮಾತು ಕನ್ನಡ ಎಂದು ಗುರುತಿಸುವುದು ಹೇಗೆ? ಓದಿಸಿ ಬರೆಯಿಸಿ ನೋಡಿದರೆ ನಮ್ಮವರಲ್ಲೇ ಅರ್ಧ ಮಂದಿ ಉದುರುತ್ತಾರೆ. ಪುಣೆಯಲ್ಲಿ ಹುಟ್ಟಿದ ಮಕ್ಕಳು, ಶಾಲೆಯಲ್ಲಿ ಮರಾಠಿ ಅಕ್ಷರ ಕಲಿತವರು. ಆದ್ದರಿಂದ ಒಂದು ಸಂದರ್ಶನ ಇಟ್ಟರು. ನಮ್ಮ ಅಧ್ಯಕ್ಷರು, ಅಂದರೆ ಲಕ್ಷ್ಮೀ ರಸ್ತೆಯಲ್ಲಿ ಅರಿವೆ ಅಂಗಡಿಯಿದ್ದ ಗದಗದ ಕಡೆಯ ಹಿರಿಯರು, ಅವರ ಪಕ್ಕಕ್ಕೆ ಒಬ್ಬ ನಿವೃತ್ತ ಕನ್ನಡ ಮಾಸ್ತರರು, ಮತ್ತು ಗಂಟೆ ಬಾರಿಸಿ ಮಕ್ಕಳನ್ನು ಒಳಗೆ ಬಿಡಲಿಕ್ಕೆ ನಾನು. ಮಗು ತನ್ನ ಊರು ಮನೆಯ ಬಗ್ಗೆ ನಾಲ್ಕು ಮಾತು ಕನ್ನಡದಲ್ಲಿ ಆಡಿದರೆ ಸಾಕು.

ಮೊದಲ ವರ್ಷ ಸುರಳೀತ ನಡೆಯಿತು. ಎರಡನೆಯ ವರ್ಷ ಮೊದಲು ಬಂದ ಹುಡುಗ ಕೈಕಟ್ಟಿ ನಿಂತು, "ನಮ್ಮ ಅಜ್ಜಿ ಊರು ಧಾರವಾಡ. ಅಜ್ಜಿಗೆ ವಯಸ್ಸು ಭಾಳ ಆಗ್ಯದ. ಕಣ್ಣು ಕಾಣೂದಿಲ್ಲ. ಆದ್ರೂ ನಮಗ ಪೇಢೆ ಕಳಸ್ತಾಳ" ಎಂದ. ಅಧ್ಯಕ್ಷರಿಗೆ ತಮ್ಮ ಅಜ್ಜಿಯ ನೆನಪಾಯಿತು. ಟೋಪಿ ಸರಿಮಾಡಿಕೊಂಡು, ಕೊಡ್ರಿ ಇವಗ ಎಂದರು.

ಎರಡನೆಯವಳು ಬಂದಳು. ಅವಳ ಅಜ್ಜಿಯ ಊರೂ ಧಾರವಾಡ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಆದರೂ ಪೇಢೆ ಕಳಿಸುತ್ತಾಳೆ. ಒಂದು ಊರಲ್ಲಿ ಇಬ್ಬರು ಅಜ್ಜಿಯಂದಿರಿಗೆ ಕಣ್ಣು ಹೋಗಬಾರದೇನು ಎಂದು ಮಾಸ್ತರರು ಸಮಾಧಾನ ಹೇಳಿದರು. ಮೂರನೆಯವನು, ನಾಲ್ಕನೆಯವಳು, ಐದನೆಯವನು, ಎಲ್ಲರಿಗೂ ಅದೇ ಅಜ್ಜಿ, ಅದೇ ಕಣ್ಣು, ಅದೇ ಪೇಢೆ. ಆಮೇಲೆ ತಿಳಿಯಿತು, ನಮ್ಮ ಪೇಠೆಯದೇ ಒಂದು ಕೋಚಿಂಗ್ ಕ್ಲಾಸಿನಲ್ಲಿ ಗಣಿತ, ವಿಜ್ಞಾನದ ಜೊತೆಗೆ ಈ ನಾಲ್ಕು ವಾಕ್ಯವನ್ನೂ ಕಲಿಸುತ್ತಿದ್ದರು.

ಅಧ್ಯಕ್ಷರಿಗೆ ಮಾತ್ರ ಮೋಸ ಹೋದ ಸಿಟ್ಟಿಗಿಂತ ಬೇರೆ ಸಂಕಟವಾಗಿತ್ತು. ಏಳನೆಯ ಹುಡುಗ "ನಮ್ಮ ಅಜ್ಜಿ ಊರು" ಎಂದು ಬಾಯಿ ತೆರೆದದ್ದೇ ತಡ, ಅವನನ್ನು ತಡೆದು ಹೇಳಿದರು. "ಅಲ್ಲೋ ತಮ್ಮಾ, ಇಷ್ಟು ಮಂದಿ ಮೊಮ್ಮಕ್ಕಳಿದ್ದೀರಿ. ಒಬ್ಬರರ ಆ ಮುದುಕಿಗೆ ಕಣ್ಣಿನ ಆಪರೇಶನ್ ಮಾಡಸಬಾರದೇನೋ?"

ನಾನು ಕೊಟ್ಟ ಸಲಹೆ

ಆ ಅಜ್ಜಿಯ ದೆಸೆಯಿಂದ ನಿಯಮ ಬದಲಾಗಬೇಕಾಯಿತು. ಅಧ್ಯಕ್ಷರ ಅಂಗಡಿಯ ಗಾದಿಯ ಮೇಲೆ ಸಭೆ. ಕ್ಲಾಸಿನಲ್ಲಿ ಕಲಿಸಲಿಕ್ಕೆ ಬಾರದಂಥ ಪ್ರಶ್ನೆ ಬೇಕು ಎಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಪಾಂಡುರಂಗ ನನ್ನ ನಾಲಿಗೆಯ ಮೇಲೆ ಬಂದು ಕೂತ. ಕೂಡಲು ಬೇರೆಲ್ಲೂ ಸೀಟಿಲ್ಲದವನು.

ನಾನು ಅಂದೆ, "ಪ್ರೀತಿ ಮಾತು ಯಾವ ಭಾಷಾದಾಗರ ಕಲಿಸಬಹುದ್ರಿ. ಬೈಗಳು ಬರೂದಿಲ್ಲ. ಸಿಟ್ಟು ಬಂದಾಗ ತಾಯಿ ಬಾಯಾಗ ಏನು ಬರ್ತದ, ಅದ ತಾಯಿನುಡಿ. ನಿಮ್ಮವ್ವ ಹೆಂಗ ಬೈತಾಳ ಹೇಳು ಅಂತ ಕೇಳ್ರಿ, ಸಾಕು."

ಅಧ್ಯಕ್ಷರು ಬೆನ್ನು ಚಪ್ಪರಿಸಿದರು. ದೇವರ ಪೂಜೆ ಮಾಡುವವನ ತಲೆ ಹೀಗೆ ಓಡುತ್ತದೆ ಎಂದರು. ನನಗೂ ಸ್ವಲ್ಪ ಏರಿತು. ಮಾಸ್ತರರೊಬ್ಬರಿಗೆ ಮಾತ್ರ ಸಂಶಯ. ಅವರ ತಾಯಿಯವರು ಬಹಳ ಸಾತ್ವಿಕರಂತೆ, ಒಂದು ದಿನವೂ ಮಕ್ಕಳ ಮೇಲೆ ದನಿ ಏರಿಸಿದವರಲ್ಲವಂತೆ. ಮಕ್ಕಳನ್ನು ಬೈಯದ ತಾಯಿಯೂ ಇರಬಹುದಲ್ಲ, ಅವರಿಗೇನು ಮಾಡುವುದು ಎಂದು ಕೇಳಿದರು.

ಅಧ್ಯಕ್ಷರು ಅಳತೆಯ ಗಜವನ್ನು ಕೆಳಗಿಟ್ಟರು. "ಬೈಯದ ತಾಯಿ ಅಂದ್ರ ಅಲ್ಪಸಂಖ್ಯಾತರಾಗೂ ಅಲ್ಪಸಂಖ್ಯಾತರು, ಮಾಸ್ತರ. ಅವರಿಗೆ ಬ್ಯಾರೆ ಕಾಲೇಜ್ ತೆರೆಯೋಣು."

ಎರಡು ಸೀಟಿನ ಮನುಷ್ಯ

ಶಿಕ್ಷಣ ಖಾತೆಯ ಕಚೇರಿಗೆ ಕಾಗದ ಕೊಡಲಿಕ್ಕೆ ಹೋದಾಗಲೆಲ್ಲ ನನಗೊಬ್ಬ ಸ್ನೇಹಿತರು ಸಿಗುತ್ತಿದ್ದರು. ಕ್ಯಾಂಪಿನ ಕಡೆ ಮುಸಲ್ಮಾನರ ಒಂದು ಟ್ರಸ್ಟು ನಡೆಸುವ ಕಾಲೇಜಿನ ಗುಮಾಸ್ತರು. ವಿಜಾಪುರದ ಹತ್ತಿರದ ಹಳ್ಳಿಯವರು. ಮನೆಯಲ್ಲಿ ಹೆಂಡತಿ ಮಕ್ಕಳೊಡನೆ ಅಚ್ಚ ಕನ್ನಡ. ನನ್ನ ಕನ್ನಡದ ಎದುರು ಅವರದನ್ನಿಟ್ಟರೆ ನನ್ನದು ನೀರು ಹಾಕಿದ ಮಜ್ಜಿಗೆ. ದಿನದ ಐದು ನಮಾಜು ಎಂದೂ ತಪ್ಪಿಸಿದವರಲ್ಲ, ಆದ್ದರಿಂದ ನಮ್ಮಿಬ್ಬರಿಗೆ ಬಹಳ ಕೂಡಿಬರುತ್ತಿತ್ತು. ಇರಾಣಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅವರು ಅವರ ದೇವರ ದಯೆಯನ್ನೂ ನಾನು ನಮ್ಮವನ ದಯೆಯನ್ನೂ ಹೇಳಿಕೊಳ್ಳುತ್ತಿದ್ದೆವು.

ನಮ್ಮ ಮಗ ಹತ್ತನೆಯದು ಮುಗಿಸಿದ ವರ್ಷವೇ ಅವರ ಮಗಳೂ ಮುಗಿಸಿದಳು. ಅವಳಿಗೆ ಅವರ ಟ್ರಸ್ಟಿನ ಕಾಲೇಜಿನಲ್ಲಿ ಧರ್ಮದ ಮೇಲೆ ಒಂದು ಸೀಟು ಸಿಕ್ಕಿತು. ನಮ್ಮಲ್ಲಿಗೂ ಬಂದು, ಅವ್ವ ಹೇಗೆ ಬೈಯುತ್ತಾಳೆ ಎಂಬುದನ್ನು ಹೇಳಿದಳು ನೋಡಿ, ಮಾಸ್ತರರು ಎರಡು ಬೈಗಳನ್ನು ಬರೆದುಕೊಂಡರು, ಮರೆತುಹೋಗಿದ್ದವಂತೆ. ಹೀಗೆ ಭಾಷೆಯ ಮೇಲೆ ಇನ್ನೊಂದು ಸೀಟು.

ನನ್ನ ಹೊಟ್ಟೆಯಲ್ಲಿ ಇರಾಣಿಯ ಒಲೆ ಹೊತ್ತಿತು. ನನ್ನ ಮಗನಿಗೆ ಒಂದಕ್ಕೆ ಗತಿಯಿಲ್ಲ, ಇವರ ಮಗಳಿಗೆ ದೇವರದೊಂದು, ನಾಲಿಗೆಯದೊಂದು. ಆದರೂ ನಗುನಗುತ್ತಲೇ, ನಿಮ್ಮಂಥ ಪುಣ್ಯವಂತರಿಲ್ಲ, ಯಾವ ಸೀಟು ಇಟ್ಟುಕೊಳ್ಳುತ್ತೀರಿ ಎಂದು ಕೇಳಿದೆ. ಅವರ ಮುಖ ಬಾಡಿತು. ಗೆಳತಿಯರಿಗೆಲ್ಲ ಪೇಠೆಯ ದೊಡ್ಡ ಕಾಲೇಜಿನಲ್ಲಿ ಸಿಕ್ಕಿದೆಯಂತೆ, ಅಲ್ಲಿ ಯಾರಿಗೂ ಯಾವ ಸೀಟೂ ಕಾದಿಟ್ಟಿಲ್ಲವಂತೆ, ಇವಳ ಮಾರ್ಕಿಗೆ ಅದು ಕೂದಲೆಳೆಯಲ್ಲಿ ತಪ್ಪಿದೆಯಂತೆ. "ಎರಡು ಸೀಟಿನ ಮ್ಯಾಲೆ ಕೂತು ಮೂರನೇದಕ್ಕ ಅಳಾಕತ್ಯಾಳ್ರಿ" ಎಂದರು.

ನನ್ನ ಕಿಚ್ಚು ಅಲ್ಲಿಯೇ ಅರ್ಧ ಆರಿತು. ಅವರ ಕೈ ಹಿಡಿದು, ನೀವು ನಿಮ್ಮವನಿಗೆ ಹೇಳಿರಿ, ನಾನು ಪಾಂಡುರಂಗನಿಗೆ ಹೇಳುತ್ತೇನೆ, ಇಬ್ಬರೂ ಕೂಡಿ ಏನಾದರೂ ಮಾಡಿಯಾರು ಎಂದೆ.

ಅವರು ಖಾಲಿ ಕಪ್ಪನ್ನು ದೂರ ಸರಿಸಿದರು. "ಇಲ್ರಿ. ಆ ಕಾಲೇಜಿನ ಮುಂದ ಇಬ್ಬರು ಕೂಡಿದ್ರೂ ಅಲ್ಪಸಂಖ್ಯಾತರ."

ಕಾಕಾನ ಕುಲದೇವಿ

ಅದೇ ಜೂನ್‌ನಲ್ಲಿ ಒಂದು ಬೆಳಿಗ್ಗೆ ಕಾಕಾ ಅಂಗಿಯ ಮೇಲೆ ಕೋಟು ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಕೋಲಿರಲಿಲ್ಲ, ತೆಂಗಿನಕಾಯಿ ಇತ್ತು. ನನ್ನನ್ನು ಮೊದಲ ಸಲ ಸಾಹೇಬರೇ ಎಂದು ಕರೆದರು. ಪೇಠೆಯ ಮನುಷ್ಯ ಮರ್ಯಾದೆ ಕೊಟ್ಟನೆಂದರೆ ಬರುವ ಗಂಡಾಂತರ ಸಣ್ಣದಿರುವುದಿಲ್ಲ.

ಸಂಗತಿ ಇಷ್ಟು. ದೊಡ್ಡ ಮಗಳ ಹೆಸರು ಯಾವ ಕಾಲೇಜಿನ ಪಟ್ಟಿಯಲ್ಲಿ ಬರುತ್ತದೋ ಎಂದು ಕಾಕಾನಿಗೆ ಜೀವದಲ್ಲಿ ಜೀವವಿರಲಿಲ್ಲ. ಅವಳ ಮಾರ್ಕಿಗೆ ಎಲ್ಲಿಯಾದರೂ ಸಿಗುವುದು ಸೂರ್ಯನಷ್ಟು ನಿಜ. ಆದರೆ ಕೈಯಲ್ಲಿ ಒಂದು ಇರಲಿ ಎಂಬ ಆಸೆ. ನಮ್ಮ ಕನ್ನಡದ ಸೀಟುಗಳಲ್ಲಿ ಇನ್ನು ಒಂದೇ ಉಳಿದಿದೆ ಎಂಬುದೂ, ಅದಕ್ಕೆ ನನ್ನ ಮಗ ಬರುವವನಿದ್ದಾನೆ ಎಂಬುದೂ ಹಲಗೆಯ ಮೂಲಕ ಅವರಿಗೆ ಮುಟ್ಟಿತ್ತು. ಮುಟ್ಟಿದ್ದರಿಂದಲೇ ಬಂದಿದ್ದರು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಹಾಗೆ ನೋಡಿದರೆ ತಾವೂ ನಿಮ್ಮವರೇ ಎಂದು ಕಾಕಾ ಶುರುಮಾಡಿದರು. ತಮ್ಮ ಕುಲದೇವಿ ಬಾದಾಮಿಯ ಬನಶಂಕರಿ. ಆ ಹೆಸರು ಕೇಳಿದ್ದೇ ನಾನು ಕೈಮುಗಿದೆ. ಸುಳ್ಳಲ್ಲ, ಪೇಠೆಯ ಎಷ್ಟೋ ಮನೆತನಗಳ ಕುಲದೇವತೆ ನಮ್ಮ ನಾಡಿನಲ್ಲೇ ಇದ್ದಾಳೆ. ಆದರೆ ಕಾಕಾ, ನೀವು ಆಕೆಗೆ ಮರಾಠಿಯಲ್ಲೇ ಕೈಮುಗಿಯುತ್ತೀರಲ್ಲ, ಮನೆಮಾತು ಕನ್ನಡ ಹೇಗಾದೀತು ಎಂದು ಕೇಳಿದೆ.

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನೇ ಹೇಳುತ್ತಿದ್ದೇನೆ. ನನ್ನ ಅಜ್ಜ ಮರಾಠಿಯಲ್ಲಿ ಬೇಡಿದ, ಅಪ್ಪ ಬೇಡಿದ, ನಾನು ಬೇಡಿದೆ. ಸ್ವಂತ ಮನೆಯಿಲ್ಲ, ಬಡ್ತಿಯಿಲ್ಲ, ಒಂದನ್ನೂ ಅವಳು ಕೊಡಲಿಲ್ಲ. ಅವಳಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ ಅನ್ನುವುದಕ್ಕೆ ಇನ್ನೇನು ಪುರಾವೆ ಬೇಕು?"

ಉಳಿದ ಒಂದು ಸೀಟು

ಕಾಕಾನ ಈ ವಾದವನ್ನು ನಾನು ಇದ್ದಂತೆಯೇ ಅಧ್ಯಕ್ಷರಿಗೆ ಮುಟ್ಟಿಸಿದೆ. ದೇವಿಯ ಹೆಸರು ಎತ್ತಿದವರನ್ನು ಹೊಸ್ತಿಲಲ್ಲಿ ತಡೆಯುವುದು ನನ್ನಿಂದಾಗದು. ಅಧ್ಯಕ್ಷರು ಹೊಟ್ಟೆ ಹಿಡಿದು ನಕ್ಕು, ಬರಲಿ, ನಾಲಿಗೆ ತಾನೇ ಹೇಳುತ್ತದೆ ಎಂದರು. ನನಗೂ ಧೈರ್ಯವಿತ್ತು. ಪೇಠೆಯ ಹುಡುಗಿ, ಕನ್ನಡ ಕೇಳಿದರೆ ಕೋಲು ಬಡಿಯುವ ಮನೆ. ನಮ್ಮವನೋ, ಅಪ್ಪ ಅಮ್ಮ ಇಬ್ಬರೂ ಧಾರವಾಡ ಜಿಲ್ಲೆ. ನಮ್ಮ ಮನೆಯಲ್ಲಿ ಬೆಳಗಾದರೆ ಕನ್ನಡ, ಬೈಗಾದರೆ ಕನ್ನಡ. ನನ್ನ ಕಿವಿಗೆ ಬೀಳುತ್ತಿದ್ದದ್ದೆಲ್ಲ ಕನ್ನಡವೇ.

ಸಂದರ್ಶನದ ದಿನ ನಾನು ಹೊರಗೆ ಕೂಡುತ್ತೇನೆ ಎಂದು ಕೈಮುಗಿದೆ. ಅಧ್ಯಕ್ಷರು ಕೇಳಲಿಲ್ಲ. ನಿಯಮ ಕೊಟ್ಟವರು ನೀವು, ಇಲ್ಲೇ ಇರಿ, ಬಾಯಿ ಮಾತ್ರ ತೆರೆಯಬೇಡಿ ಎಂದರು. ಕೂಡಲು ಮನಸ್ಸಾಗದೆ ಗೋಡೆಗೆ ಬೆನ್ನುಕೊಟ್ಟು ನಿಂತೆ. ತಿಳಿಯದೆ ಎರಡೂ ಕೈ ಟೊಂಕದ ಮೇಲೆ ಹೋಗಿದ್ದವು. ಇಟ್ಟಿಗೆ ಒಂದು ಕಮ್ಮಿ.

ಮಗ ಬಂದ. ಅಧ್ಯಕ್ಷರು ಪ್ರೀತಿಯಿಂದಲೇ ಕೇಳಿದರು. "ತಮ್ಮಾ, ನೀ ಅಭ್ಯಾಸ ಬಿಟ್ಟು ರೇಡಿಯೊ ಬಿಚ್ಚಿಕೊಂಡು ಕೂತಾಗ ನಿಮ್ಮವ್ವ ಹೆಂಗ ಬೈತಾಳ? ಹೆಂಗಂತಾಳ ಹಂಗ ಹೇಳು."

ಸತ್ಯ ಬಿಟ್ಟು ಬೇರೆ ಆಡಬಾರದು ಎಂದು ನಾನೇ ಕಲಿಸಿ ಬೆಳೆಸಿದ ಮಗ. ನನ್ನ ಮುಖ ಒಮ್ಮೆ ನೋಡಿ, ತಾಯಿಯ ದನಿಯನ್ನು ಚಾಚೂ ತಪ್ಪದೆ ತೆಗೆದು, "ಗಾಢವಾ! ಪುಸ್ತಕ ಘೇ ಆಣಿ ಗಪ್ ಬಸ್!" ಎಂದ.

ಅಚ್ಚ ಮರಾಠಿ. ಪುಸ್ತಕ ಹಿಡಿದು ಸುಮ್ಮನೆ ಕೂಡು ಎಂಬುದಿರಲಿ, ಕತ್ತೆಯನ್ನು ಕೂಡ ಮರಾಠಿಯಲ್ಲೇ ಕರೆದಿದ್ದ. ಅಧ್ಯಕ್ಷರು ನನ್ನ ಕಡೆ ತಿರುಗಿ, "ಗುಮಾಸ್ತರ, ಇದು ಯಾವ ಜಿಲ್ಲಾದ ಕನ್ನಡರಿ?" ಎಂದರು.

ಬಾಯಿ ತೆರೆಯಬೇಡಿ ಎಂದಿದ್ದರಿಂದ ಬಚಾವಾದೆ. ಮಗನೇ ಹೇಳಿದ. ಓಣಿಯ ಹುಡುಗರು ಯಂಡುಗುಂಡು ಎಂದು ಕಾಡಬಾರದೆಂದು ಅವ್ವ ತನ್ನ ಜೊತೆ ಚಿಕ್ಕಂದಿನಿಂದ ಮರಾಠಿಯಲ್ಲೇ ಮಾತಾಡುತ್ತಾಳಂತೆ. ಹಾಗಾದರೆ ನಿನಗೆ ಕನ್ನಡ ಬರುವುದಿಲ್ಲವೇನು ಎಂದು ಮಾಸ್ತರರು ಕೇಳಿದರೆ, "ತಿಳೀತದರಿ, ಬೋಲಾಯ್ಲಾ ಬರೂದಿಲ್ಲ" ಎಂದ. ಮಾತಾಡಲಿಕ್ಕೆ ಎಂಬುದು ಬೋಲಾಯ್ಲಾ ಆಗಿ, ಅಷ್ಟು ಸಣ್ಣ ವಾಕ್ಯದಲ್ಲೂ ಪೇಠೆ ಹಾದುಹೋಗಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತಾಗಿರಲಿಲ್ಲ. ನಾನು ಮನೆಯಲ್ಲಿದ್ದಾಗ ಕಣ್ಣು ಮುಚ್ಚಿ ಜಪದಲ್ಲಿರುತ್ತಿದ್ದೆ. ಜಪದ ನಡುವೆ ಕೇಳಿಬರುತ್ತಿದ್ದ ಕನ್ನಡವೆಲ್ಲ ನನಗೆ ಬರುತ್ತಿದ್ದ ಕನ್ನಡ. ಮಗನ ಪಾಲಿನದು ಬೇರೆ ಭಾಷೆಯಲ್ಲಿ ಹೋಗುತ್ತಿತ್ತು.

ಮಗ ತಲೆತಗ್ಗಿಸಿ ಹೊರಗೆ ಹೋದ. ಅವನ ರೇಡಿಯೊ, ಅವನ ಸೈನ್ಸ್ ಎಲ್ಲ ಅವನ ಹಿಂದೆ ಬಾಗಿಲು ದಾಟಿ ಹೋದಂತಾಯಿತು. ಮನಸ್ಸಿನಲ್ಲಿ ಪಾಂಡುರಂಗಾ ಎಂದೆ. ಗಂಟೆ ಬಾರಿಸಿದೆ.

ಕಾಕಾನ ಮಗಳು ಬಂದಳು. ಎರಡು ಜಡೆ, ಇಸ್ತ್ರಿ ಮಾಡಿದ ಫ್ರಾಕು. ಅಧ್ಯಕ್ಷರು ಇವಳಿಗೆ ಪ್ರಶ್ನೆಯಾದರೂ ತಿಳಿದೀತೋ ಇಲ್ಲವೋ ಎಂಬಂತೆ ನಿಧಾನವಾಗಿ, "ತಂಗಿ, ಮುಂಜಾನೆದ್ದು ಮನ್ಯಾಗ ಹೆಂಗ ಬೈತಾರ?" ಎಂದರು.

ಹುಡುಗಿ ಒಂದು ಕ್ಷಣ ಮಾಳಿಗೆ ನೋಡಿದಳು. ಆಮೇಲೆ ಇಲ್ಲದ ಸೆರಗನ್ನು ಟೊಂಕಕ್ಕೆ ಸಿಗಿಸಿಕೊಂಡು ಶುರುಮಾಡಿದಳು.

"ಎಷ್ಟು ಸಲ ಆ ಗಂಟಿ ಬಾರಸ್ತೀರಿ? ಪಾಂಡುರಂಗಗ ಕಿವಿ ಚಲೋ ಅವ, ಕೇಳ್ಸಲಾರದ್ದು ನಿಮಗ. ನಳದಾಗ ನೀರು ನಿಂತ್ವು, ಹಾಲಿನವ ಬಂದು ಹೋದ, ಇವರದು ಇನ್ನೂ ಮಂಗಳಾರತಿ ಆಗಿಲ್ಲ. ಆ ದೇವರರ ಇಟ್ಟಂಗಿ ಮ್ಯಾಲೆ ನಿಂತಾನ, ನೀವು ನನ್ನ ತಲೀ ಮ್ಯಾಲೆ ಕುಂತೀರಿ!"

ಒಂದು ಅಕ್ಷರ ತಪ್ಪಿಲ್ಲ. ನಡುವೆ ಉಸಿರೆಳೆಯುವ ಜಾಗ ಕೂಡ ಅದೇ. ಮಾಸ್ತರರು ಕುರ್ಚಿಯಲ್ಲಿ ಎದ್ದು ಕೂತರು. ಅಧ್ಯಕ್ಷರು ಟೋಪಿ ತೆಗೆದು ಕಣ್ಣೊರೆಸಿಕೊಂಡು, "ಆಹಾ, ನಮ್ಮ ಕಡೀದು. ಅಪ್ಪಟ ನಮ್ಮ ಕಡೀದು" ಎಂದರು. ಆಗ ನನಗೆ ನಾಚಿಕೆಯಾಗಬೇಕಾಗಿತ್ತು. ಆಗಲಿಲ್ಲ, ಹೊಟ್ಟೆಕಿಚ್ಚು ಅದಕ್ಕೆ ಜಾಗ ಬಿಡಲಿಲ್ಲ. ನನ್ನ ಮನೆಯ ಕನ್ನಡ, ನನ್ನ ಹೆಂಡತಿಯ ಕನ್ನಡ, ನನ್ನ ಮೇಲೆ ಖರ್ಚಾದ ಕನ್ನಡ. ಅದು ನನ್ನ ಮಗನಿಗೆ ದಕ್ಕದೆ ಹಲಗೆಯ ಸಂದಿಯಿಂದ ಏರಿ ಮೇಲ್ಮನೆಯವರ ಪಾಲಾಗಿತ್ತು.

ಅಧ್ಯಕ್ಷರು ಪೆನ್ನು ಎತ್ತಿದರು. ಸೀಟು ಕೊಡುವ ಮುಂಚೆ ಬರೀ ಖುಷಿಗೆಂದು ಇನ್ನೊಂದು ಮಾತು ಕೇಳಿದರು. "ನಿಮ್ಮವ್ವ ನಿಮ್ಮಪ್ಪಗ ದಿನಾ ಹಿಂಗ ಬೈತಾಳೇನವಾ?"

ಆ ಹುಡುಗಿಯದೂ ಸತ್ಯದ ಬಾಯಿ. ಅವ್ವ ಅಲ್ಲ, ಕೆಳಗಿನ ಮನೆಯ ಕಾಕೂ, ಅಂದರೆ ನನ್ನ ಹೆಂಡತಿ, ಎಂದು ಮರಾಠಿಯಲ್ಲಿ ಹೇಳಿ, ಬೆರಳು ನನ್ನ ಕಡೆ ಮಾಡಿದಳು. "ಇವರಿಗೆ."

ಇಬ್ಬರೂ ಹಿರಿಯರು ನನ್ನನ್ನು ನೋಡಿದರು. ನಾನು ಟೊಂಕದ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ.

ಅಧ್ಯಕ್ಷರ ಭುಜ ನಗೆಗೆ ಅಲುಗುತ್ತಿತ್ತು. ಕಡೆಗೆ ಮಗನನ್ನು ಮತ್ತೆ ಕರೆಸಿ ಪ್ರಶ್ನೆ ತಿರುಗಿಸಿ ಕೇಳಿದರು. "ನಿನಗ ಬೈಯೂದು ಬಿಡು. ನಿಮ್ಮವ್ವ ನಿಮ್ಮಪ್ಪಗ ಹೆಂಗ ಬೈತಾಳ?"

ಹುಡುಗನ ಮುಖ ರೇಡಿಯೊ ಹಾಡಿದಾಗ ಆಗುವಂತಾಯಿತು. "ನೈವೇದ್ಯಕ್ಕ ಅಂತ ಇದ್ದ ಸಕ್ರಿ ಎಲ್ಲಾ ಹಾಕಿದ್ರಿ. ಚಹಾಕ್ಕ ಏನು ಹಾಕ್ಲಿ? ನಿಮ್ಮ ಭಕ್ತಿ ಹಾಕ್ಲ್ಯಾ?" ಎಂದು ತಡೆಯಿಲ್ಲದೆ ಓಡಿದ. ಎಲ್ಲೋ ಒಂದು ಮಾತು ಬಿಟ್ಟಾಗ ಪಕ್ಕದಲ್ಲಿ ನಿಂತಿದ್ದ ಹುಡುಗಿ ಅದನ್ನು ಸೇರಿಸಿಕೊಟ್ಟಳು. ಆಮೇಲೆ ಇಬ್ಬರೂ ಕೂಡಿ ಕಡೆಯವರೆಗೆ ಮುಗಿಸಿದರು, ಶಾಲೆಯಲ್ಲಿ ಪ್ರಾರ್ಥನೆ ಹೇಳಿದ ಹಾಗೆ.

ಅಧ್ಯಕ್ಷರು ತೀರ್ಪು ಹೇಳಿದರು. "ತಾಯಿ ಕನ್ನಡದಾಗ ಬೈತಾಳ, ಇದು ಸಿದ್ಧ ಆತು. ಯಾರಿಗೆ ಬೈಬೇಕು ಅಂತ ನಿಯಮದಾಗ ಇಲ್ಲ. ಸೀಟು ಹುಡುಗಗ. ಸಾಕ್ಷಿ ಹೇಳಿದ್ದಕ್ಕ ಈ ತಂಗಿಗೆ ನನ್ನ ಅಂಗಡೀದು ಪರಕಾರ-ಲಂಗ ಹೊಲಿಸಾಕ ಅರಿವಿ."

ಹುಡುಗಿಯ ಹೆಸರು ಆ ವಾರವೇ ನಮ್ಮ ಕಾಲೇಜಿನ ಸಾಮಾನ್ಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂತು. ಪಾಂಡುರಂಗ ನನ್ನ ಪ್ರಾರ್ಥನೆಯ ಮೊದಲ ಅರ್ಧವನ್ನಷ್ಟೇ ಕೇಳಿಸಿಕೊಂಡಿದ್ದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಮಗನಿಗೆ ಸೀಟು ಸಿಕ್ಕಿತೆಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಹಚ್ಚುತ್ತ ಕೇಳಿದಳು, ಆ ಹುಡುಗಿ ಎಲ್ಲಾ ಅಂದಳೇನು? ಎಲ್ಲಾ ಎಂದೆ. ಸಕ್ಕರೆಯದೂ? ಅದು ನಮ್ಮ ಮಗ ಹೇಳಿದ ಎಂದೆ. ದೀಪದ ಬತ್ತಿ ಮೇಲೆತ್ತಿ, "ಅಕಿ ನನ್ನಷ್ಟ ಅಂದಳೋ, ನನಗಿಂತ ಚಲೋ ಅಂದಳೋ?" ಎಂದಳು. ಸುಳ್ಳು ಆಡುವವನಲ್ಲ ನಾನು. ಸುಮ್ಮನಾದೆ.

ಅಂದಿನಿಂದ ಆಕೆಯೂ ಸುಮ್ಮನಾದಳು. ಇಡೀ ಊರಿನ ಹಿರಿಯರು ಕೇಳಿದ ಮೇಲೆ ಇನ್ನು ಬಾಯಿ ಬಿಡುವುದು ಹೇಗೆ ಎಂಬ ನಾಚಿಕೆ ಅರ್ಧ, ಆ ಹುಡುಗಿ ತನಗಿಂತ ಚಲೋ ಅಂದಳು ಎಂಬ ಉರಿ ಅರ್ಧ. ಮನೆ ಮಠದಂತಾಯಿತು. ಗಂಟೆ ಎಷ್ಟು ಬಾರಿಸಿದರೂ ಕೇಳುವವರಿಲ್ಲ. ನನಗೆ ಜಪದಲ್ಲಿ ಮನಸ್ಸು ನಿಲ್ಲದಾಯಿತು. ಅಡ್ಡಿಯಿಲ್ಲದೆ ಭಕ್ತಿ ಮಾಡಿ ರೂಢಿಯಿರಲಿಲ್ಲ.

ಒಂದು ಸಂಜೆ ಕಾಕಾ ಬಂದರು. ಈ ಸಲ ಕಾಯಿ ಇರಲಿಲ್ಲ, ಕೋಲಿತ್ತು. ನನ್ನನ್ನು ದಾಟಿ ನೇರ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತು ನನ್ನ ಹೆಂಡತಿಯನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆದು ಹೇಳಿದರು. ತಮ್ಮ ಮಗಳ ನಾಲಿಗೆಯಿಂದ ನಿಮ್ಮ ಮಗನಿಗೆ ಸೀಟು ಸಿಕ್ಕಿತು, ಅದಕ್ಕೆ ತಮಗೆ ಹೊಟ್ಟೆಕಿಚ್ಚಿಲ್ಲ. ಹಾಗೆನ್ನುವಾಗ ಅವರು ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟಿದರು. ಆದರೆ ಸಣ್ಣವಳು ಈಗ ಆರನೆಯ ಇಯತ್ತೆಯಲ್ಲಿದ್ದಾಳೆ. ಅಕ್ಕನಷ್ಟು ಮಾರ್ಕು ಬರುವ ಲಕ್ಷಣವಿಲ್ಲ. ದೇವಿಯ ದಯೆ, ಅಕ್ಕನಷ್ಟು ಸತ್ಯವಂತಳೂ ಅಲ್ಲ, ಯಾರು ಯಾರಿಗೆ ಬೈದರು ಎಂದು ಬಿಡಿಸಿ ಹೇಳುವವಳಲ್ಲ. ನೀವು ಈಗಲೇ ಹೀಗೆ ಬಾಯಿ ಮುಚ್ಚಿಬಿಟ್ಟರೆ ಆ ಕೂಸು ಕಲಿಯುವುದು ಯಾವಾಗ?

ಹೆಂಡತಿ ಸೆರಗನ್ನು ಮುಖಕ್ಕೆ ಹಿಡಿದುಕೊಂಡಳು. ಕಾಕಾ ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿದರು.

ಮರುದಿನ ಬೆಳಿಗ್ಗೆ ಮಂಗಳಾರತಿಯ ಹೊತ್ತಿಗೆ ನಾನು ಗಂಟೆಯನ್ನು ಎಂದಿಗಿಂತ ಸ್ವಲ್ಪ ಹೆಚ್ಚೇ ಬಾರಿಸಿದೆ. ಮತ್ತೂ ಬಾರಿಸಿದೆ. ಅಡಿಗೆಮನೆಯಲ್ಲಿ ಸೌಟು ಕುಕ್ಕಿದ ಸದ್ದಾಯಿತು. ಆಮೇಲೆ, ಬಹಳ ಮೆಲ್ಲಗೆ, "ಎಷ್ಟು ಸಲ ಆ ಗಂಟಿ ಬಾರಸ್ತೀರಿ" ಎಂದು ಶುರುವಾಯಿತು. ನಾನು ಕಣ್ಣು ಮುಚ್ಚಿ ಪಾಂಡುರಂಗನಿಗೆ ಕೈಮುಗಿದೆ.

ಅಷ್ಟರಲ್ಲಿ ಮಾಳಿಗೆಯ ಮೇಲೆ ಟಕ್ ಟಕ್ ಎಂದು ಕೋಲು ಬಡಿಯಿತು. ಹಳೆಯ ಹೆದರಿಕೆಗೆ ಆಕೆ ಅಲ್ಲಿಗೇ ನಿಲ್ಲಿಸಿಬಿಟ್ಟಳು.

ಹಲಗೆಯ ಸಂದಿಯಿಂದ ಕಾಕಾನ ದನಿ ಇಳಿದುಬಂತು. "ವಹಿನಿ, ಸ್ವಲ್ಪ ಜೋರಾಗಿ. ಸಣ್ಣವಳಿಗೆ ಕೇಳಿಸುತ್ತಿಲ್ಲ."